ಬದಲಿ ಆಟಗಾರನ ಮೇಲಿನ ಭರವಸೆ

ಕಾಲೇಜುಗಳ ಪಂದ್ಯಾಟಗಳನ್ನು ನೋಡಿದವರಿಗೆ ಈ ಪ್ರಸಂಗ ಹೊಸದಲ್ಲ. ಕಬಡ್ಡಿ ನಡೆದಿರುತ್ತದೆ. ತಂಡದ ಮುಖ್ಯ ರೈಡರ್ ಎದುರಾಳಿಗಳ ಹಿಡಿತದಿಂದ ಬಿಡಿಸಿಕೊಳ್ಳುವಾಗ ಮೊಣಕಾಲು ಹೊರಳಿ ಕುಸಿಯುತ್ತಾನೆ. ಇಬ್ಬರು ಗೆಳೆಯರು ಹೆಗಲು ಕೊಟ್ಟು ಅವನನ್ನು ಹೊರಗೆ ಕರೆತರುತ್ತಾರೆ. ಅಂಗಳದ ಸುತ್ತ ನಿಂತ ಜನರಲ್ಲಿ ಒಂದು ಮಾತು ಹಬ್ಬುತ್ತದೆ: ‘ಇನ್ನೇನೈತಿ, ಮುಗೀತು ಬಿಡ್ರಿ.’ ಅದೇ ಹೊತ್ತಿಗೆ ಬೆಂಚಿನ ಮೇಲೆ ಕುಳಿತಿದ್ದ ಇನ್ನೊಬ್ಬ ಹುಡುಗ ಎದ್ದು ಒಳಗೆ ಹೋಗಬೇಕು. ಜನರ ಆ ಮಾತನ್ನು ಅವನೂ ಕೇಳಿರುತ್ತಾನೆ.

ಆ ಎರಡನೆಯ ಹುಡುಗನ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಗಾಯಗೊಂಡವನ ವಿಷಯವಾಗಿ ಮರುಗುವವರು ಬಹಳ ಜನ. ಅವನ ಜಾಗಕ್ಕೆ ಬಂದವನ ಬೆನ್ನಿಗೆ ನಿಲ್ಲುವವರು ಕಡಿಮೆ. ನಮ್ಮ ವಿಜಯಪುರದಲ್ಲಿ, ರೈಲ್ವೆ ಸ್ಟೇಷನ್ನಿನಿಂದ ಗೋಳಗುಮ್ಮಟದ ಕಡೆಯಿಂದ ಊರೊಳಕ್ಕೆ ಬರುವ ಸ್ಟೇಷನ್ ರಸ್ತೆಯಲ್ಲಿ ಸಂಜೆಯ ಹೊತ್ತು ನಿಂತು ನೋಡಿರಿ. ಹೆಗಲಿಗೆ ಚೀಲ ಹಾಕಿಕೊಂಡು ಆಟಕ್ಕೆ ಹೋಗುವ, ಆಟ ಮುಗಿಸಿ ಬರುವ ಹುಡುಗ ಹುಡುಗಿಯರು ಕಾಣುತ್ತಾರೆ. ತಿಕೋಟಾ, ಬಬಲೇಶ್ವರಗಳಿಂದ ಬಸ್ಸಿನಲ್ಲಿ ಬಂದು ಓದುವವರೂ ಅವರಲ್ಲಿದ್ದಾರು. ಅವರಲ್ಲಿ ಎಷ್ಟೋ ಮಂದಿ ವರ್ಷವೆಲ್ಲ ಅಭ್ಯಾಸ ಮಾಡಿಯೂ ಪಂದ್ಯದ ದಿನ ಬೆಂಚಿನ ಮೇಲೆ ಕೂಡುವವರು. ಅವರನ್ನು ನಂಬುವುದು ಹೇಗೆ, ಯಾವಾಗ, ಎಷ್ಟು ಎಂಬುದೇ ಪ್ರಶ್ನೆ.

ಈ ಪ್ರಶ್ನೆ ಬಹಳ ತೀವ್ರವಾಗಿ ಎದುರಾಗುವುದು ಅಮೇರಿಕದ ಕಾಲೇಜುಗಳಲ್ಲಿ. ಅವರದೇ ಒಂದು ಬಗೆಯ ಫುಟ್‌ಬಾಲ್ ಅಲ್ಲಿದೆ. ಕಾಲಿಗಿಂತ ಕೈಗೇ ಅದರಲ್ಲಿ ಕೆಲಸ ಹೆಚ್ಚು. ಕ್ವಾರ್ಟರ್‌ಬ್ಯಾಕ್ ಎಂಬುವನು ಆ ಆಟದ ಸೂತ್ರಧಾರ. ಚೆಂಡನ್ನು ಯಾರಿಗೆ ಎಸೆಯಬೇಕು, ಯಾರ ಕೈಗೆ ಕೊಡಬೇಕು ಎಂಬುದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ನಿರ್ಧರಿಸುವವನು ಅವನೇ. ಅವನು ಬಿದ್ದರೆ ತಂಡವೇ ಬಿದ್ದಂತೆ ಎಂಬ ಭಾವನೆ ಸಹಜ. 2014ರಲ್ಲಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ತಂಡಕ್ಕೆ ಈ ಕಷ್ಟ ಒಂದಲ್ಲ, ಎರಡು ಸಲ ಬಂತು. ಋತು ಆರಂಭವಾಗುವ ಮೊದಲೇ ಬ್ರಾಕ್ಸ್‌ಟನ್ ಮಿಲ್ಲರ್ ಭುಜದ ಗಾಯದಿಂದ ಹೊರಗುಳಿದ. ಅವನ ಬದಲಿಗೆ ಬಂದ ಜೆ. ಟಿ. ಬ್ಯಾರೆಟ್ ಚೆನ್ನಾಗಿ ಆಡಿ, ನವೆಂಬರ್ ಕೊನೆಯಲ್ಲಿ ಕಾಲಿನ ಗಿಣ್ಣು ಮುರಿದುಕೊಂಡ. ಉಳಿದವನು ಮೂರನೆಯವನಾದ ಕಾರ್ಡೇಲ್ ಜೋನ್ಸ್. ಅವನು ಮೊದಲಿನಿಂದ ಆಡಿದ ಮೊದಲ ಪಂದ್ಯವನ್ನು ತಂಡ 59-0 ಅಂತರದಿಂದ ಗೆದ್ದಿತು. ಮುಂದೆ ಅಲಬಾಮಾವನ್ನು ಸೋಲಿಸಿತು. 2015ರ ಜನವರಿ 12ರಂದು ಆರೆಗಾನ್ ತಂಡವನ್ನು 42-20ರಿಂದ ಮಣಿಸಿ ರಾಷ್ಟ್ರದ ಪ್ರಶಸ್ತಿಯನ್ನೇ ಪಡೆಯಿತು.

ಇದು ಅದೃಷ್ಟವೆ? ಸ್ವಲ್ಪ ಇದ್ದೀತು. ಆದರೆ ಅದರ ಹಿಂದಿನ ವ್ಯವಸ್ಥೆಯನ್ನು ಗಮನಿಸಬೇಕು. ಮೂರನೆಯವನಿಗೂ ಮೊದಲನೆಯವನ ಪಾಠವೇ ನಡೆದಿತ್ತು. ಜೋನ್ಸನ ತೋಳಿನಲ್ಲಿ ಬಲ ಹೆಚ್ಚು. ದೂರದ ಎಸೆತ ಅವನಿಗೆ ಸಲೀಸು. ಅವನು ಬಂದ ಮೇಲೆ ತಂಡ ಆ ಬಲವನ್ನೇ ಬಳಸಿಕೊಂಡಿತು. ‘ಬ್ಯಾರೆಟ್ ಆಡಿದ ಹಾಗೆ ಆಡು’ ಎಂದು ಅವನನ್ನು ಕಟ್ಟಿಹಾಕಲಿಲ್ಲ.

ಇಷ್ಟು ದೂರ ಹೋಗುವುದೇಕೆ? ನಮ್ಮ ಕನ್ನಡ ನಾಡಿನ ಒಬ್ಬ ಆಟಗಾರನ ಬಾಳಿನಲ್ಲಿಯೇ ಈ ವಿಷಯದ ಎರಡು ಮುಖಗಳನ್ನೂ ಕಾಣಬಹುದು. ಮುಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ ಒಳ್ಳೆಯ ವಿಕೆಟ್ ಕೀಪರ್, ಧೈರ್ಯದ ಬ್ಯಾಟುಗಾರ. 1964ರ ಜನವರಿಯಲ್ಲಿ ಇಂಗ್ಲೆಂಡಿನ ವಿರುದ್ಧ ಮದರಾಸಿನ ಟೆಸ್ಟ್ ಪಂದ್ಯಕ್ಕೆ ಫಾರೂಖ್ ಎಂಜಿನಿಯರ್ ಅಸ್ವಸ್ಥರಾದುದರಿಂದ ಆ ಸ್ಥಾನ ಕುಂದರನ್ ಅವರ ಪಾಲಿಗೆ ಬಂತು. ಅವರು ಆಟವನ್ನು ಆರಂಭಿಸಿ ಮೊದಲ ದಿನವೇ 170 ರನ್ ಹೊಡೆದರು; ಒಟ್ಟು 192 ಮಾಡಿದರು. ಆ ಸರಣಿಯಲ್ಲಿ ಅವರ ಮೊತ್ತ 525 ರನ್. ಬದಲಿಗೆಂದು ಕರೆತಂದವರು ಸರಣಿಯ ನಾಯಕಮಣಿಯಾದರು.

ಈಗ 1967ರ ಜುಲೈ ತಿಂಗಳಿಗೆ ಬನ್ನಿರಿ. ಇಂಗ್ಲೆಂಡಿನ ಎಜ್‌ಬಾಸ್ಟನ್ ಮೈದಾನ. ಗಾಯಗಳಿಂದ ಬಡವಾದ ಭಾರತದ ತಂಡದಲ್ಲಿ ಬೇಡಿ, ಚಂದ್ರಶೇಖರ್, ಪ್ರಸನ್ನ, ವೆಂಕಟರಾಘವನ್ ಎಂಬ ನಾಲ್ವರು ಸ್ಪಿನ್ ಬೌಲರರಿದ್ದರು. ಹೊಸ ಚೆಂಡು ಹಾಕಲು ತಕ್ಕ ವೇಗದ ಬೌಲರರಿರಲಿಲ್ಲ. ಹೊಸ ಚೆಂಡನ್ನು ಕೊಟ್ಟಿದ್ದು ಯಾರಿಗೆ? ಕುಂದರನ್ ಅವರಿಗೆ! ಅವರು ಯಾವ ಬಗೆಯ ಬೌಲಿಂಗ್ ಮಾಡುವರೆಂಬುದು ಅವರಿಗೇ ಗೊತ್ತಿರಲಿಲ್ಲವೆಂಬ ಮಾತು ಕ್ರಿಕೆಟ್ ಪ್ರಿಯರ ನಡುವೆ ಇಂದಿಗೂ ನಗೆಯ ಪ್ರಸಂಗವಾಗಿ ಉಳಿದಿದೆ. ಆ ಪಂದ್ಯವನ್ನು ಭಾರತ ಸೋತಿತು. ಕುಂದರನ್ ಅವರ ತಪ್ಪು ಇದರಲ್ಲಿ ಏನೂ ಇಲ್ಲ. ಅದೇ ಮನುಷ್ಯ, ಅದೇ ಧೈರ್ಯ. ಮದರಾಸಿನಲ್ಲಿ ಅವರಿಗೆ ಕೊಟ್ಟಿದ್ದು ಅವರು ಕಲಿತ ಕೆಲಸ. ಎಜ್‌ಬಾಸ್ಟನ್ನಿನಲ್ಲಿ ಕೊಟ್ಟಿದ್ದು ಕಲಿಯದ ಕೆಲಸ. ಮೊದಲನೆಯದನ್ನು ಭರವಸೆ ಎನ್ನಬೇಕು. ಎರಡನೆಯದು ಬರಿಯ ಆಪದ್ಧರ್ಮ. ಎಷ್ಟೋ ತಂಡಗಳು ಈ ಎರಡರ ನಡುವಣ ಭೇದವನ್ನು ಅರಿಯದೆ, ಬದಲಿಯವನು ಸೋತೊಡನೆ ‘ನಂಬಿ ಕೆಟ್ಟೆವು’ ಎನ್ನುತ್ತವೆ. ಅಲ್ಲಿ ನಂಬಿಕೆ ಇತ್ತೆಲ್ಲಿ? ಸಿದ್ಧತೆಯಿಲ್ಲದವನನ್ನು ನೀರಿಗೆ ನೂಕಿದ್ದೇ ನಿಜ.

ಇನ್ನು ನಮ್ಮ ಊರಿನ ಮಾತಿಗೆ ಬರೋಣ. ವಿಜಯಪುರದ ರಾಜೇಶ್ವರಿ ಗಾಯಕವಾಡ ಎಡಗೈ ಸ್ಪಿನ್ ಬೌಲರ್. 2017ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಮಹಿಳೆಯರ ವಿಶ್ವ ಕಪ್ಪಿಗೆ ಹೋದ ತಂಡದಲ್ಲಿ ಅವರಿದ್ದರು. ಆದರೆ ಮೊದಲ ಆರು ಪಂದ್ಯಗಳಲ್ಲಿ ಅವರು ಆಡುವ ಹನ್ನೊಂದರಲ್ಲಿರಲಿಲ್ಲ. ಅವರಂತೆಯೇ ಎಡಗೈ ಸ್ಪಿನ್ ಹಾಕುವ ಏಕತಾ ಬಿಷ್ಟ್ ಪಾಕಿಸ್ತಾನದ ವಿರುದ್ಧ 18 ರನ್ನಿಗೆ 5 ವಿಕೆಟ್ ತೆಗೆದಿದ್ದರು. ಆಮೇಲೆ ಭಾರತ ದಕ್ಷಿಣ ಆಫ್ರಿಕಕ್ಕೂ ಆಸ್ಟ್ರೇಲಿಯಕ್ಕೂ ಸಾಲಾಗಿ ಸೋತಿತು. ಜುಲೈ 15ರಂದು ಡರ್ಬಿಯಲ್ಲಿ ನ್ಯೂಜಿಲೆಂಡಿನ ವಿರುದ್ಧ ಗೆದ್ದರೆ ಸೆಮಿಫೈನಲ್, ಸೋತರೆ ಮನೆಗೆ. ಇಂಥ ದಿನ, ಯಾವ ಗಾಯದ ಒತ್ತಾಯವೂ ಇಲ್ಲದೆ, ನಾಯಕಿ ಮಿಥಾಲಿ ರಾಜ್ ಅವರ ತಂಡ ಏಕತಾ ಅವರ ಬದಲಿಗೆ ರಾಜೇಶ್ವರಿಯವರನ್ನು ಇಳಿಸಿತು. ಮಿಥಾಲಿಯವರ ಶತಕ, ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿಯವರ 70 ರನ್ ಸೇರಿ ಭಾರತ 265 ಮಾಡಿತು. ರಾಜೇಶ್ವರಿ 7.3 ಓವರುಗಳಲ್ಲಿ 15 ರನ್ ಕೊಟ್ಟು 5 ವಿಕೆಟ್ ಕಿತ್ತರು. ನ್ಯೂಜಿಲೆಂಡ್ 79ಕ್ಕೆ ಮುಗಿಯಿತು.

ಆರು ಪಂದ್ಯ ಹೊರಗೆ ಕುಳಿತವರ ಕೈ ಏಳನೆಯ ಪಂದ್ಯದಲ್ಲಿ ಇಷ್ಟು ಹದವಾಗಿರಲು ಕಾರಣವೇನು? ಬೆಂಚು ವಿಶ್ರಾಂತಿಯ ಸ್ಥಳವಲ್ಲವೆಂಬುದು ಅವರಿಗೆ ಗೊತ್ತಿತ್ತು. ತಂಡವೂ ಅವರನ್ನು ಮರೆತಿರಲಿಲ್ಲ. ಬೆಂಚಿನ ಮೇಲಿರುವವರ ಅಭ್ಯಾಸ ಒಳಗಿದ್ದವರ ಅಭ್ಯಾಸದಷ್ಟೇ ನಡೆಯಬೇಕು. ಎದುರಾಳಿಯ ಆಟವನ್ನು ಅವರೂ ಅಷ್ಟೇ ಲಕ್ಷ್ಯದಿಂದ ನೋಡಬೇಕು. ನಮ್ಮ ಊರಿನ ಹೆಣ್ಣುಮಗಳು ತೋರಿಸಿದ ಈ ಪಾಠಕ್ಕಿಂತ ಹತ್ತಿರದ ಪಾಠ ನಮ್ಮ ಮಕ್ಕಳಿಗೆ ಬೇಕೆ?

ಆದರೆ ಒಂದು ಎಚ್ಚರಿಕೆ. ಬದಲಿಯಾಗಿ ಬಂದವರು ಗೆದ್ದ ಕಥೆಗಳನ್ನಷ್ಟೇ ಹೇಳಿದರೆ, ನಂಬಿದರೆ ಗೆಲುವು ಖಂಡಿತ ಎಂಬ ಭ್ರಮೆ ಹುಟ್ಟೀತು. 1962ರ ಮಾರ್ಚ್ 17ರಂದು ಬಾರ್ಬಡೋಸಿನಲ್ಲಿ ಭಾರತದ ನಾಯಕ ನಾರಿ ಕಂಟ್ರಾಕ್ಟರ್ ಅವರ ತಲೆಗೆ ಚಾರ್ಲಿ ಗ್ರಿಫಿತರ ಚೆಂಡು ಬಡಿದು ಪ್ರಾಣಕ್ಕೇ ಸಂಚಕಾರ ಬಂತು. ಅವರು ಬದುಕಿದರು, ಆದರೆ ಮತ್ತೆ ಟೆಸ್ಟ್ ಆಡಲಿಲ್ಲ. ನಾಯಕತ್ವ ಉಪನಾಯಕ ಪಟೌಡಿಯವರ ಹೆಗಲಿಗೆ ಬಿತ್ತು. ಆಗ ಅವರ ವಯಸ್ಸು 21. ಆಡಿದ್ದು ಮೂರೇ ಟೆಸ್ಟ್. ಮೇಲಾಗಿ ಹಿಂದಿನ ವರ್ಷದ ಮೋಟಾರು ಅಪಘಾತದಲ್ಲಿ ಒಂದು ಕಣ್ಣಿನ ದೃಷ್ಟಿ ಹೋಗಿತ್ತು. ತಂಡದಲ್ಲಿ ಉಮ್ರಿಗರ್, ಮಾಂಜ್ರೇಕರ್ ಅವರಂಥ ಹಿರಿಯರಿದ್ದರು. ಪಟೌಡಿಯವರ ನಾಯಕತ್ವದ ಮೊದಲ ಮೂರು ಪಂದ್ಯಗಳನ್ನೂ ಭಾರತ ಸೋತಿತು. ಅಲ್ಲಿಗೇ ಅವರನ್ನು ಕೈಬಿಟ್ಟಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಕೈಬಿಡಲಿಲ್ಲ. 1968ರಲ್ಲಿ ನ್ಯೂಜಿಲೆಂಡಿನಲ್ಲಿ ಭಾರತ ಮೊಟ್ಟಮೊದಲಿಗೆ ಹೊರದೇಶದಲ್ಲಿ ಸರಣಿ ಗೆದ್ದಾಗ ನಾಯಕರಾಗಿದ್ದವರು ಅವರೇ. ಆ ಗೆಲುವಿನಲ್ಲಿ ನಮ್ಮ ಪ್ರಸನ್ನ ಅವರ ಸ್ಪಿನ್ನಿನ ಪಾಲು ದೊಡ್ಡದು. ಭರವಸೆಯ ಫಲ ಒಂದು ಸಂಜೆಗೆ ಕೈಸೇರುವಂಥದಲ್ಲ; ಕೆಲವು ಸಲ ಆರು ವರ್ಷವೂ ಬೇಕಾದೀತು.

ಈಗ ಮುಖ್ಯವಾದ ಸಂಗತಿಗೆ ಬರುತ್ತೇನೆ. ಬದಲಿಯವನನ್ನು ನಂಬದೆ ಹೋದರೆ ಕೆಡುವುದು ಅವನೊಬ್ಬನೆ? ಅಲ್ಲ, ಗಾಯಗೊಂಡವನೂ ಕೆಡುತ್ತಾನೆ. ಬೆಂಚಿನ ಮೇಲಿನ ಹುಡುಗನನ್ನು ಕಳಿಸಲು ಅಂಜಿದ ತಂಡ ಏನು ಮಾಡುತ್ತದೆ? ನೊಂದವನ ಮೊಣಕಾಲಿಗೆ ಪಟ್ಟಿ ಸುತ್ತಿ, ಔಷಧ ಸಿಂಪಡಿಸಿ, ‘ಒಂದೀಟು ತಡಕೋಪಾ, ಕಾಲೇಜಿನ ಮರ್ಯಾದಿ ಪ್ರಶ್ನೆ’ ಎಂದು ಮರಳಿ ಒಳಗೆ ಕಳಿಸುತ್ತದೆ. ಹದಿನೆಂಟರ ಹುಡುಗ ಇಲ್ಲವೆನ್ನಲಾರ. ಒಂದು ಕಪ್ಪಿಗಾಗಿ ಅವನು ಜೀವಮಾನದ ಮೊಣಕಾಲನ್ನು ಕಳೆದುಕೊಂಡಾನು.

ನೀವು ಅನಿಲ್ ಕುಂಬ್ಳೆಯವರನ್ನು ನೆನಪಿಸೀರಿ. 2002ರಲ್ಲಿ ಆಂಟಿಗಾದಲ್ಲಿ ದವಡೆ ಮುರಿದಿದ್ದರೂ ಮುಖಕ್ಕೆ ಪಟ್ಟಿ ಕಟ್ಟಿಕೊಂಡು 14 ಓವರ್ ಹಾಕಿ ಲಾರಾ ಅವರನ್ನು ಔಟ್ ಮಾಡಿದರು. ಆ ಕೆಚ್ಚಿಗೆ ಕೈ ಮುಗಿಯೋಣ. ಅದು ಅನುಭವಿಯಾದ ವೃತ್ತಿ ಆಟಗಾರನೊಬ್ಬ ತಾನಾಗಿ ಮಾಡಿದ ನಿರ್ಧಾರ. ಅದನ್ನೇ ಕಾಲೇಜಿನ ಮಕ್ಕಳಿಗೆ ನಿಯಮವೆಂದು ಹೇರಬಾರದು. ಕ್ರಿಕೆಟ್ ಲೋಕವೂ ಆಮೇಲೆ ಬುದ್ಧಿ ಕಲಿತಿದೆ. ತಲೆಗೆ ಪೆಟ್ಟು ಬಿದ್ದು ಮಿದುಳಿಗೆ ಆಘಾತವಾದವನ ಬದಲಿಗೆ ಪೂರ್ಣ ಆಟಗಾರನೊಬ್ಬ ಬ್ಯಾಟು ಮಾಡಬಹುದು, ಚೆಂಡು ಹಾಕಬಹುದು ಎಂಬ ನಿಯಮ 2019ರಲ್ಲಿ ಟೆಸ್ಟ್ ಆಟಕ್ಕೆ ಬಂತು. ಆ ಆಗಸ್ಟಿನಲ್ಲೇ ಲಾರ್ಡ್ಸ್ ಮೈದಾನದಲ್ಲಿ ಸ್ಟೀವ್ ಸ್ಮಿತ್ ಅವರ ಜಾಗಕ್ಕೆ ಮಾರ್ನಸ್ ಲಬುಶೇನ್ ಬಂದರು. ಹಾಗೆ ಬಂದವರಲ್ಲಿ ಅವರೇ ಮೊದಲಿಗರು. 59 ರನ್ ಮಾಡಿ ಪಂದ್ಯ ಉಳಿಸಲು ನೆರವಾದರು. ಸ್ಮಿತ್ ಅವರಿಗೆ ಬೇಕಾದ ವಿಶ್ರಾಂತಿ ಸಿಕ್ಕಿದ್ದು ಬೇರೊಬ್ಬರನ್ನು ನಂಬಿದ್ದರಿಂದ.

ಇತ್ತೀಚಿನ ಉದಾಹರಣೆ ನಿಮಗೆ ನೆನಪಿದ್ದೇ ಇದೆ. 2025ರ ಮಹಿಳೆಯರ ವಿಶ್ವ ಕಪ್ಪಿನಲ್ಲಿ ಆರಂಭದ ಬ್ಯಾಟುಗಾರ್ತಿ ಪ್ರತೀಕಾ ರಾವಲ್ ಸೆಮಿಫೈನಲ್ಲಿಗೆ ಮೊದಲೇ ಕಾಲಿಗೆ ಪೆಟ್ಟು ಮಾಡಿಕೊಂಡರು. ಮೂಲ ತಂಡದಲ್ಲಿ ಇರದಿದ್ದ ಶಫಾಲಿ ವರ್ಮಾ ಅವರನ್ನು ಕರೆಸಲಾಯಿತು. ಸೆಮಿಫೈನಲ್ಲಿನಲ್ಲಿ ಅವರು ಮಾಡಿದ್ದು 10 ರನ್. ಆದರೂ ಫೈನಲ್ಲಿನಲ್ಲಿ ಅವರೇ ಆಟ ಆರಂಭಿಸಿದರು. 87 ರನ್ ಹೊಡೆದರು. ನಾಯಕಿ ಹರ್ಮನ್‌ಪ್ರೀತ್ ಕೌರ್ ಚೆಂಡನ್ನೂ ಅವರ ಕೈಗೆ ಕೊಟ್ಟಾಗ 2 ವಿಕೆಟ್ ತೆಗೆದರು. ಭಾರತದ ಮಹಿಳೆಯರು ಮೊದಲ ಸಲ ವಿಶ್ವ ಕಪ್ ಗೆದ್ದರು. ಆ ರಾತ್ರಿ ಪ್ರತೀಕಾ ಗಾಲಿಕುರ್ಚಿಯಲ್ಲಿ ಬಂದು ಸಂಭ್ರಮದಲ್ಲಿ ಸೇರಿದರು. ಒಬ್ಬಳನ್ನು ನಂಬಿದ್ದರಿಂದ ಇನ್ನೊಬ್ಬಳ ಮಾನಕ್ಕೆ ಕುಂದು ಬರಲಿಲ್ಲವೆಂಬುದನ್ನು ಆ ಒಂದು ನೋಟವೇ ಹೇಳುತ್ತಿತ್ತು.

ಹಾಗಾದರೆ ನಮ್ಮ ಕಾಲೇಜಿನ ತಂಡಗಳು ಮಾಡಬೇಕಾದುದೇನು? ತರಬೇತಿ ಕೊಡುವ ಗುರುಗಳಲ್ಲಿ ನನ್ನ ಬಿನ್ನಹ ಇಷ್ಟೇ. ಅಭ್ಯಾಸದಲ್ಲಿ ವಾರಕ್ಕೊಂದು ದಿನವಾದರೂ ಎರಡನೆಯವನನ್ನು ಮೊದಲಿಗರ ಜೊತೆ ಆಡಿಸಿರಿ. ಅವನ ಕೂಗು, ಅವನ ಹೆಜ್ಜೆ ಉಳಿದವರಿಗೆ ರೂಢಿಯಾಗಲಿ. ಗೆಲುವು ಖಚಿತವಾದ ಪಂದ್ಯದ ಕೊನೆಯ ಭಾಗವನ್ನು ಅವನಿಗೆ ಬಿಟ್ಟುಕೊಡಿರಿ. ಅವನು ಒಳಗೆ ಹೋಗುವ ಹೊತ್ತಿನಲ್ಲಿ ಹತ್ತು ಉಪದೇಶ ಬೇಡ. ಅವನಿಗೆ ಚೆನ್ನಾಗಿ ಬರುವ ಒಂದು ಪಟ್ಟನ್ನು ನೆನಪಿಸಿದರೆ ಸಾಕು. ಗಾಯಗೊಂಡವನು ಯಾವಾಗ ಮರಳಬೇಕೆಂಬುದನ್ನು ವೈದ್ಯರು ಹೇಳಲಿ, ಅಂಕಪಟ್ಟಿ ಹೇಳುವುದು ಬೇಡ.

ಉಳಿದ ಆಟಗಾರರಿಗೂ ಒಂದು ಮಾತು. ನಮ್ಮ ಗೋಳಗುಮ್ಮಟದಲ್ಲಿ ಗೋಡೆಯ ಈ ಬದಿಗೆ ಪಿಸುಗುಟ್ಟಿದ್ದು ಆ ಬದಿಗೆ ಕೇಳಿಸುತ್ತದೆಂದು ನೀವು ಬಲ್ಲಿರಿ. ತಂಡವೂ ಹಾಗೆಯೇ. ‘ಇಂವ ಏನ್ ಮಾಡ್ಯಾನು’ ಎಂದು ಮೂಲೆಯಲ್ಲಿ ಆಡಿದ ಮಾತು ಹೊಸಬನ ಕಿವಿಗೆ ತಪ್ಪದೆ ಮುಟ್ಟುತ್ತದೆ. ‘ನಾವ್ ಅದೀವಿ, ಆಡು’ ಎಂಬ ಮಾತೂ ಅಷ್ಟೇ ಖಂಡಿತವಾಗಿ ಮುಟ್ಟುತ್ತದೆ.

ಬೆಂಚಿನ ಮೇಲೆ ಕುಳಿತು ಇದನ್ನು ಓದುತ್ತಿರುವ ತಮ್ಮಂದಿರೆ, ತಂಗಿಯರೆ, ನಿಮ್ಮ ಸರದಿ ಈ ವರ್ಷ ಬಂದೀತು, ಬಾರದೆಯೂ ಹೋದೀತು. ಇನ್ನೊಬ್ಬರ ಗಾಯವನ್ನು ಬಯಸಿ ಕೂಡಬೇಡಿ. ಕರೆ ಬಂದ ದಿನ ‘ನನಗೆ ತಿಳಿಯದು’ ಎನ್ನುವಂತೆಯೂ ಇರಬೇಡಿ. ಬೂಟಿನ ಲಾಡಿ ಬಿಗಿಯಾಗಿರಲಿ, ಕಣ್ಣು ಆಟದ ಮೇಲಿರಲಿ.