ಕತ್ತಲೆಯಲ್ಲಿ ಕಣ್ಣಿನ ತಾಲೀಮು

ವಿರೂಪಾಕ್ಷನ ದರ್ಶನ ಮುಗಿಸಿದವರನ್ನು ಹಂಪಿಯ ಗೈಡುಗಳು ಗುಡಿಯ ಹಿಂಬದಿಯ ಕತ್ತಲೆ ಕೋಣೆಗೆ ಕರೆದೊಯ್ಯುತ್ತಾರೆ. ಪೂರ್ವದ ರಾಜಗೋಪುರ, ಒಂಬತ್ತು ನೆಲೆಯ, ಸುಮಾರು 50 ಮೀಟರ್ ಎತ್ತರದ ಗೋಪುರ, ಅಲ್ಲಿನ ಗೋಡೆಯ ಮೇಲೆ ತಲೆಕೆಳಗಾಗಿ ನಿಂತಿರುತ್ತದೆ. ಸಣ್ಣ ಕಿಂಡಿಯಿಂದ ನುಸುಳಿದ ಬೆಳಕಿನ ಕೆಲಸ ಅದು. ಪ್ರವಾಸಕ್ಕೆ ಬಂದ ಶಾಲಾ ಮಕ್ಕಳಿಗೆ ಮೇಷ್ಟ್ರು ಹೇಳಿಬಿಡುತ್ತಾರೆ: ‘ನಮ್ಮ ಕಣ್ಣೂ ಹಿಂಗ ನೋಡ್ರಪ್ಪಾ.’

ಮಾತು ಅರ್ಧ ನಿಜ. ಕಣ್ಣಿನ ಮಸೂರವೂ ಹಿಂಭಾಗದ ಅಕ್ಷಿಪಟಲದ ಮೇಲೆ ತಲೆಕೆಳಗಾದ ಚಿತ್ರವನ್ನೇ ಮೂಡಿಸುತ್ತದೆ. ಆದರೆ ಹಂಪಿಯ ಗೋಡೆಗೆ ತನ್ನ ಮೇಲೆ ಬಿದ್ದದ್ದು ಗೋಪುರವೋ ಕುರುಬನ ಕಂಬಳಿಯೋ ಗೊತ್ತಾಗದು. ಅಕ್ಷಿಪಟಲದ ಜಾತಿಯೇ ಬೇರೆ. ಭ್ರೂಣದ ಮಿದುಳು ಎರಡೂ ಬದಿಗೆ ಉಬ್ಬಿ ಚಾಚಿಕೊಂಡಾಗ ಹುಟ್ಟಿದ ಪದರ ಅದು, ಮಿದುಳಿನದೇ ತುಂಡು. ಸುಮಾರು 12 ಕೋಟಿ ಸರಳು ಕೋಶಗಳು, 60 ಲಕ್ಷ ಶಂಕು ಕೋಶಗಳು ಬೆಳಕನ್ನು ಹಿಡಿದರೂ, ಅಲ್ಲಿಂದ ಮಿದುಳಿಗೆ ಹೊರಡುವ ನರದ ಎಳೆಗಳು ಬರೀ 10 ಲಕ್ಷದಷ್ಟು. ಹಾಗಾಗಿ ಸುದ್ದಿಯನ್ನು ಸೋಸಿ, ಕತ್ತರಿಸಿ, ಮುಖ್ಯವಾದದ್ದನ್ನು ಮಾತ್ರ ಮುಂದೆ ಕಳಿಸುವ ಕೆಲಸ ಕಣ್ಣಿನೊಳಗೇ ಮುಗಿಯುತ್ತದೆ.

ಆ ಸುದ್ದಿ ವಿದ್ಯುತ್ತಿನ ಭಾಷೆಯದು. ಅದನ್ನು ಅರಿಯಲು ಹೊಸಪೇಟೆಯವರು ದೂರ ಹೋಗಬೇಕಿಲ್ಲ. ತುಂಗಭದ್ರಾ ಅಣೆಕಟ್ಟೆಗೆ 33 ಕ್ರೆಸ್ಟ್ ಗೇಟುಗಳಿವೆ. ನರಕೋಶದ ಪೊರೆಯಲ್ಲಿ ಇಂಥ ಗೇಟುಗಳು ಲೆಕ್ಕವಿಲ್ಲದಷ್ಟಿವೆ. ಪ್ರೋಟೀನಿನಿಂದಾದ ಇವನ್ನು ವಿಜ್ಞಾನಿಗಳು ಅಯಾನ್ ಚಾನೆಲ್ ಎನ್ನುತ್ತಾರೆ. ಕಂಪ್ಲಿಯ ಗದ್ದೆಯ ರೈತ ತೂಬು ಎಂದಾನು. ಸೋಡಿಯಂಗೆ ಒಂದು ತೂಬು, ಪೊಟ್ಯಾಸಿಯಂಗೆ ಇನ್ನೊಂದು, ಕ್ಯಾಲ್ಸಿಯಂಗೆ ಮತ್ತೊಂದು. ತೆರೆದ ಒಂದೇ ತೂಬಿನಲ್ಲಿ ಸೆಕೆಂಡಿಗೆ ಕೋಟಿಯ ಲೆಕ್ಕದಲ್ಲಿ ಅಯಾನುಗಳು ನುಗ್ಗುತ್ತವೆ. ಆದರೆ ಅದು ತೆರೆದಿರುವುದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು. ತೆರೆಯುವುದಷ್ಟೇ ಮುಖ್ಯ ಮುಚ್ಚುವುದು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋದಾಗ, ಅದರ ಜಾಗಕ್ಕೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಕೂರಿಸುವವರೆಗೆ ಒಂದು ವಾರ ಈ ಭಾಗದ ಜನ ಪಟ್ಟ ಆತಂಕ ಇನ್ನೂ ಹಳೆಯದಾಗಿಲ್ಲ.

ಕಣ್ಣಿನ ತೂಬುಗಳ ನಡವಳಿಕೆ ಮಾತ್ರ ವಿಚಿತ್ರ. ಬೆಳಕು ಬಿದ್ದರೆ ಗೇಟು ತೆರೆಯಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಮನುಷ್ಯನ ಸರಳು ಕೋಶದಲ್ಲಿ ಆಗುವುದು ತಿರುವುಮುರುವು. ಕತ್ತಲೆಯಲ್ಲಿ ಗೇಟು ತೆರೆದಿದ್ದು ಸೋಡಿಯಂ ಒಳಕ್ಕೆ ಹರಿಯುತ್ತಲೇ ಇರುತ್ತದೆ. ಬೆಳಕು ಬಿದ್ದೊಡನೆ ಮುಚ್ಚಿಕೊಳ್ಳುತ್ತದೆ. ಆ ಮುಚ್ಚುವಿಕೆಯೇ ಸಂದೇಶ. ಹಾಗೆ ಹರಿದುಬಂದ ಸೋಡಿಯಂ ಅನ್ನು ಹೊರಗೆ ಎತ್ತಿಹಾಕಲು ಪಂಪುಗಳು ಬಿಡುವಿಲ್ಲದೆ ದುಡಿಯಬೇಕು. ಅದಕ್ಕೇ ಅಕ್ಷಿಪಟಲ ಆಮ್ಲಜನಕದ ವಿಷಯದಲ್ಲಿ ಮೈಯ ಮಹಾ ಹೊಟ್ಟೆಬಾಕ ಅಂಗಗಳಲ್ಲೊಂದು. ಈ ಹಸಿವು ಮುಂದೆ ಕಥೆಯಲ್ಲಿ ಮತ್ತೆ ಬರುತ್ತದೆ.

ಕಣ್ಣಿನಿಂದ ಮಿದುಳಿಗೆ ಇಷ್ಟೆಲ್ಲ ತಂತಿ ಎಳೆಯುವ ಕೆಲಸ ನಡೆಯುವುದು ಯಾವಾಗ? ಬಳ್ಳಾರಿ ಸೀಮೆಯ ಹಳ್ಳಿಗಳಲ್ಲಿ ಬಯಲಾಟ ಕಟ್ಟುವವರು ತಿಂಗಳುಗಟ್ಟಲೆ ತಾಲೀಮು ನಡೆಸುತ್ತಾರೆ, ವೇಷವಿಲ್ಲ, ಪ್ರೇಕ್ಷಕರಿಲ್ಲ. ಕಣ್ಣೂ ಹಾಗೆಯೇ, ರೆಪ್ಪೆ ತೆರೆಯುವ ಮೊದಲೇ ತಾಲೀಮಿಗೆ ಇಳಿಯುತ್ತದೆ. 1988ರಲ್ಲಿ ಇಟಲಿಯ ಲೂಸಿಯಾ ಗಲ್ಲಿ ಮತ್ತು ಲಂಬೆರ್ತೊ ಮಫೇಯಿ ಇಲಿಯ ಭ್ರೂಣದ ಕಣ್ಣಿಗೆ ವಿದ್ಯುದ್ವಾರ ಇಟ್ಟು ಕೇಳಿದಾಗ, ಬೆಳಕನ್ನೇ ಕಾಣದ ಕೋಶಗಳು ಗುಂಪುಗೂಡಿ ಮಿಡಿಯುತ್ತಿದ್ದವು. 1991ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕಸ್ ಮೈಸ್ಟರ್, ರೇಚಲ್ ವಾಂಗ್, ಡೆನಿಸ್ ಬೇಲರ್, ಕಾರ್ಲಾ ಶಾಟ್ಸ್ 61 ವಿದ್ಯುದ್ವಾರಗಳ ತಟ್ಟೆಯ ಮೇಲೆ ಎಳೆಯ ಅಕ್ಷಿಪಟಲ ಹಾಸಿ ನೋಡಿದರು. ಕೆರೆಯ ನೀರಿನ ಮೇಲೆ ಗಾಳಿ ಎಬ್ಬಿಸುವ ಅಲೆಯಂತೆ ಮಿಡಿತ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸಾಗುತ್ತಿತ್ತು. ಪಕ್ಕಪಕ್ಕದ ಕೋಶಗಳು ಒಟ್ಟಿಗೆ ಮಿಡಿಯುವುದರಿಂದ ಮಿದುಳಿಗೆ ಯಾರು ಯಾರ ನೆರೆಯವರು ಎಂಬುದು ತಿಳಿಯುತ್ತದೆ. ಎಳೆಯ ಪ್ರಾಣಿಯಲ್ಲಿ ಈ ಅಲೆಗಳನ್ನು ತಡೆದರೆ ಎಡಗಣ್ಣು ಬಲಗಣ್ಣಿನ ಎಳೆಗಳು ತಂತಮ್ಮ ಜಾಗ ಹಿಡಿಯದೆ ಕಲಸಿಹೋಗುತ್ತವೆ. 2021ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡ ಇನ್ನೂ ಒಂದು ಸೋಜಿಗ ತೋರಿಸಿತು: ಕಣ್ಣು ಬಿಡದ ಇಲಿಮರಿಯ ಅಲೆಗಳು ಚಲಿಸುವ ರೀತಿ, ಆ ಮರಿ ಮುಂದೆ ಓಡುವಾಗ ಕಣ್ಣಿಗೆ ಕಾಣಬೇಕಾದ ದೃಶ್ಯದ ಚಲನೆಯನ್ನೇ ಹೋಲುತ್ತದೆ. ಕಾಲು ಬರುವ ಮೊದಲೇ ಓಟದ ಅಭ್ಯಾಸ!

ಕರ್ನಾಟಕಕ್ಕೆ ತೂಬುಗಳ ಈ ವಿದ್ಯೆ ಬಂದದ್ದು ನೊಣಗಳ ಬೆನ್ನೇರಿ. ಬಾಳೆಹಣ್ಣಿನ ಗೊನೆಗೆ ಮುತ್ತುವ ಪುಟ್ಟ ಹಣ್ಣುನೊಣ, ಡ್ರೊಸೊಫಿಲಾ. ಉತ್ತರ ಪ್ರದೇಶದ ಬಸ್ತಿಯಲ್ಲಿ 1932ರಲ್ಲಿ ಹುಟ್ಟಿದ ಓಬೈದ್ ಸಿದ್ದಿಕಿ, ಹೋಮಿ ಭಾಭಾ ಕರೆಯ ಮೇರೆಗೆ 1962ರಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಣುಜೀವವಿಜ್ಞಾನದ ಘಟಕ ಕಟ್ಟಿದವರು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸೆಮೂರ್ ಬೆಂಜರ್ ಜೊತೆ ಅವರು ನೋಡಿದ ನೊಣಗಳು ವಿಲಕ್ಷಣವಾಗಿದ್ದವು. ಕೋಣೆಯ ತಂಪಿನಲ್ಲಿ ಎಲ್ಲ ನೊಣಗಳಂತೆ ಹಾರಾಟ. ಉಷ್ಣಾಂಶ 29 ಡಿಗ್ರಿಗೆ ಏರಿದರೆ ಕ್ಷಣಗಳಲ್ಲಿ ನಿಶ್ಚೇಷ್ಟಿತವಾಗಿ ಬೀಳುತ್ತಿದ್ದವು. ತಂಪು ಮಾಡಿದೊಡನೆ ಏನೂ ಆಗಿಲ್ಲವೆಂಬಂತೆ ಎದ್ದು ನಡೆಯುತ್ತಿದ್ದವು. ಹೊಸಪೇಟೆಯ ಮೇ ತಿಂಗಳಲ್ಲಿ ಇವು ಏಳುವ ಮಾತೇ ಇರಲಿಲ್ಲ. ‘ಪ್ಯಾರ’ ಎಂಬ ಈ ತಳಿಯನ್ನು ಕೆನಡಾದ ಡೇವಿಡ್ ಸುಜುಕಿ ತಂಡ 1971ರಲ್ಲೇ ಗುರುತಿಸಿತ್ತು. ನೊಣದೊಳಗೆ ನಿಂತುಹೋಗುವುದು ಯಾವುದು ಎಂದು ಹುಡುಕಿದ ಸಿದ್ದಿಕಿ ಮತ್ತು ಬೆಂಜರ್ 1976ರಲ್ಲಿ ವರದಿ ಮಾಡಿದರು: ಬಿಸಿಯೇರಿದಾಗ ನರದಲ್ಲಿ ಸಂದೇಶದ ಹರಿವೇ ಕಡಿದುಹೋಗುತ್ತದೆ. 1989ರಲ್ಲಿ ಆ ಜೀನನ್ನು ಹಿಡಿದಾಗ ಅದು ಸೋಡಿಯಂ ತೂಬಿನ ನೀಲನಕ್ಷೆಯೆಂದು ತಿಳಿಯಿತು. ಮನುಷ್ಯನಲ್ಲಿ ಇದಕ್ಕೆ ದಾಯಾದಿಯಾದ ಜೀನೊಂದು ಕೆಟ್ಟರೆ ಎಳೆಯ ಮಕ್ಕಳನ್ನು ಜ್ವರ ಬಂದಾಗ ಫಿಟ್ಸ್ ಕಾಡುತ್ತದೆ.

ಮುಂದೆ ಸಿದ್ದಿಕಿ ಬೆಂಗಳೂರಿಗೆ ಬಂದು, 1990ರ ದಶಕದ ಆರಂಭದಲ್ಲಿ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರ ಕಟ್ಟಿದರು. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿರುವ ಅದೇ ಕೇಂದ್ರದಲ್ಲಿ ಇಂದು ರಘು ಪಡಿಂಜಾಟ್ ಅವರ ಪ್ರಯೋಗಾಲಯ ನೊಣದ ಕಣ್ಣನ್ನು ಕೆದಕುತ್ತಿದೆ. ನೊಣದ ಕಣ್ಣು ಮನುಷ್ಯನದಕ್ಕೆ ಉಲ್ಟಾ: ಬೆಳಕು ಬಿದ್ದರೆ ಅಲ್ಲಿ ಗೇಟು ತೆರೆಯುತ್ತದೆ. ಟ್ರಿಪ್ ಎಂಬ ಆ ಗೇಟಿನ ಬಳಗದ್ದೇ ಒಂದು ಗೇಟು ಮನುಷ್ಯನ ನಾಲಗೆಯಲ್ಲಿದೆ. ಖಾರವನ್ನೂ ಬಿಸಿಯನ್ನೂ ಗುರುತಿಸುವುದು ಅದೇ ಎಂದು 1997ರಲ್ಲಿ ತೋರಿಸಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಸಂದಿತು. ಬೆಳಿಗ್ಗೆ ಒಗ್ಗರಣಿ ಜೊತೆ ಬಿಸಿ ಮಿರ್ಚಿ ಕಡಿದು ‘ಹಾ’ ಎನ್ನುವ ಹೊಸಪೇಟೆಯವರು ಈ ಪ್ರಯೋಗವನ್ನು ದಿನವೂ ಮಾಡುತ್ತಾರೆ.

ತೂಬು ಕೆಡಿಸುವ ಕಲೆಯಲ್ಲಿ ಪಳಗಿದ ಜೀವಿಯೊಂದು ದಖ್ಖನ್ನಿನ ಕಲ್ಲುಗಳ ಸಂದಿಯಲ್ಲೇ ಇದೆ: ಕೆಂಪು ಚೇಳು. ಅದರ ವಿಷದ ಒಂದು ಅಂಶ ಸೋಡಿಯಂ ಗೇಟು ಮುಚ್ಚದಂತೆ ಹಿಡಿದಿಡುತ್ತದೆ. 19ನೇ ಗೇಟಿನ ಸ್ಥಿತಿ. ನರಗಳು ಸುಮ್ಮನಾಗಲಾರದೆ ಬೆವರು, ವಾಂತಿ, ತಣ್ಣಗಾದ ಕೈಕಾಲು, ಕೊನೆಗೆ ಹೃದಯಕ್ಕೆ ಪೆಟ್ಟು. ಮಹಾರಾಷ್ಟ್ರದ ಮಹಾಡ್‌ನ ಡಾ. ಹಿಮ್ಮತ್‌ರಾವ್ ಬಾವಸ್ಕರ್ 1980ರ ದಶಕದಲ್ಲಿ ಪ್ರಾಜೊಸಿನ್ ಎಂಬ ಅಗ್ಗದ ರಕ್ತದೊತ್ತಡದ ಮಾತ್ರೆಯಿಂದ ಅನೇಕ ಜೀವ ಉಳಿಸಿದರು. ಅದೇ ವಿಷದಿಂದ 1990ರಲ್ಲಿ ಬೇರ್ಪಡಿಸಿದ ಐಬೀರಿಯೊಟಾಕ್ಸಿನ್ ಒಂದು ಜಾತಿಯ ಪೊಟ್ಯಾಸಿಯಂ ಗೇಟಿಗೆ ಮಾತ್ರ ಬಿರಡೆ ಜಡಿಯುತ್ತದೆ. ಜಗತ್ತಿನ ನರವಿಜ್ಞಾನದ ಪ್ರಯೋಗಾಲಯಗಳು ಅದನ್ನು ಹಣ ಕೊಟ್ಟು ತರಿಸಿಕೊಳ್ಳುತ್ತವೆ. ಸಂಡೂರಿನ ಬೆಟ್ಟದಿಂದ ಅದಿರು ಹಡಗು ಹತ್ತಿದ್ದು ಎಲ್ಲರಿಗೂ ಗೊತ್ತು, ಚೇಳಿನ ವಿಷದ ಈ ಉಪಯೋಗ ಗೊತ್ತಿರುವವರು ಕಡಿಮೆ.

ಈಗ ಆಮ್ಲಜನಕದ ಆ ಹಸಿವಿನ ಮಾತು. ಅಕ್ಷಿಪಟಲಕ್ಕೆ ಉಣಿಸುವ ರಕ್ತನಾಳಗಳು ಗರ್ಭದ ನಾಲ್ಕನೇ ತಿಂಗಳಲ್ಲಿ ನಡುವಿನಿಂದ ಹೊರಟು ಅಂಚು ಮುಟ್ಟುವ ಹೊತ್ತಿಗೆ ಹೆರಿಗೆಯ ದಿನ ಬಂದಿರುತ್ತದೆ. ಮಗು ಏಳನೇ ತಿಂಗಳಲ್ಲೇ ಹುಟ್ಟಿದರೆ ಕಾಲುವೆ ಅರ್ಧಕ್ಕೇ ನಿಂತಂತೆ. ಜೀವ ಉಳಿಸಲು ಕೊಡುವ ಆಮ್ಲಜನಕ ಹೆಚ್ಚಾದರೆ ನಾಳಗಳ ಬೆಳವಣಿಗೆ ನಿಲ್ಲುತ್ತದೆ. ಕೆಲ ವಾರಗಳ ನಂತರ ಹಸಿದ ಪದರ ಕೂಗಿಡತೊಡಗಿದಾಗ ನಾಳಗಳು ಅಡ್ಡಾದಿಡ್ಡಿ ಹಬ್ಬಿ, ಪದರವನ್ನೇ ಎಳೆದು ಕಿತ್ತುಬಿಡಬಹುದು. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಸಕಾಲದಲ್ಲಿ ಲೇಸರ್ ಮಾಡಿದರೆ ಬಹುತೇಕ ಮಕ್ಕಳ ದೃಷ್ಟಿ ಉಳಿಯುತ್ತದೆ. ಆದರೆ ಈ ಕಾಯಿಲೆಯನ್ನು ಪತ್ತೆಹಚ್ಚಬಲ್ಲ ತಜ್ಞರು ದೊಡ್ಡ ಊರುಗಳಲ್ಲಿದ್ದಾರೆ. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ‘ಕಿಡ್‌ರಾಪ್’ ಯೋಜನೆ ಶುರುಮಾಡಿ, ವೈದ್ಯರ ಬದಲು ತರಬೇತಾದ ತಂತ್ರಜ್ಞರನ್ನೇ ಕ್ಯಾಮೆರಾ ಸಮೇತ ಜಿಲ್ಲೆಗಳಿಗೆ ಕಳಿಸಿದರು. ಅವರು ಶಿಶುವಿನ ಕಣ್ಣಿನ ಚಿತ್ರ ತೆಗೆದರೆ ದೂರದ ತಜ್ಞರು ಫೋನಿನಲ್ಲೇ ನೋಡಿ ತೀರ್ಪು ಹೇಳುತ್ತಾರೆ. 2015ರ ವರದಿಯ ವೇಳೆಗೆ ಇಂಥ ತಪಾಸಣೆಗಳ ಸಂಖ್ಯೆ 20 ಸಾವಿರ ದಾಟಿತ್ತು.

34 ವಾರ ತುಂಬುವ ಮೊದಲು ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಗಿದ ಮಗುವಿಗೆ ಈ ತಪಾಸಣೆ ಮೂವತ್ತು ದಿನದೊಳಗೆ ಆಗಬೇಕು. ದಿನದ ಲೆಕ್ಕ ಆಸ್ಪತ್ರೆಯಿಂದ ಮನೆಗೆ ಬಂದಂದಿನಿಂದ ಶುರುವಾಗುವುದಿಲ್ಲ, ಹುಟ್ಟಿದಂದಿನಿಂದಲೇ. ಇಪ್ಪತ್ತೈದು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದು ಸಂಡೂರಿನ ತಾಂಡಾಕ್ಕೆ ಮರಳಿದ ಕೂಸಿಗೆ ಉಳಿದಿರುವುದು ಐದೇ ದಿನ.