ಆಟಗಾರ ಮಕ್ಕಳ ಊಟದ ವೇಳೆ



ಮೈಸೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಬೆಳಗಿನ ಐದೂವರೆ ಗಂಟೆಗೆ ಈಜುಕೊಳದ ಬಳಿ ನಿಂತು ನೋಡಿದರೆ, ಹನ್ನೆರಡು ಹದಿಮೂರು ವರ್ಷದ ಬಾಲಕ ಬಾಲಕಿಯರು ಅರ್ಧ ಲೋಟ ಕಾಫಿಯ ಬಲದಿಂದ ಅಭ್ಯಾಸಕ್ಕಿಳಿಯುವುದನ್ನು ಕಾಣಬಹುದು. ಹಿಂದಿನ ರಾತ್ರಿ ಎಂಟೂವರೆಗೆ ಉಂಡದ್ದೇ ಕಡೆಯ ಊಟ. ಅಭ್ಯಾಸ ಮುಗಿದೊಡನೆ ಶಾಲೆಯ ವಾಹನ. ಎರಡು ತುತ್ತು ತಿಂದರೆ ತಿಂದಂತೆ, ಇಲ್ಲದಿದ್ದರೆ ಇಲ್ಲ. ಹೊಟ್ಟೆ ತುಂಬುವುದು ಮಧ್ಯಾಹ್ನ ಒಂದು ಗಂಟೆಗೆ. ಈ ಮನೆಗಳಲ್ಲಿ ಅನ್ನಕ್ಕೆ ಕೊರತೆಯಿಲ್ಲ. ತುಪ್ಪಕ್ಕಂತೂ ಇಲ್ಲವೇ ಇಲ್ಲ. ಇರುವ ಅನ್ನವು ಬೇಕಾದ ಹೊತ್ತಿಗೆ ಬಾರದಿರುವುದೇ ಕೊರತೆಯೆಂದು ನಾವು ಹೇಳುತ್ತೇವೆ.

ಅಕ್ಕಿ, ರಾಗಿ, ಗೋಧಿಗಳ ಪಿಷ್ಟವು ಜೀರ್ಣವಾಗಿ ಸಕ್ಕರೆಯಾಗುವುದು. ಅದರಲ್ಲೊಂದು ಪಾಲು ಗ್ಲೈಕೋಜನ್ ಎಂಬ ರೂಪದಿಂದ ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಸಂಚಿತವಾಗಿರುವುದು. ನಿದ್ರೆಯ ಕಾಲದಲ್ಲಿಯೂ ಮೆದುಳನ್ನು ಪೋಷಿಸುತ್ತ ಯಕೃತ್ತಿನ ಭಂಡಾರವು ಬೆಳಗಾಗುವಷ್ಟರಲ್ಲಿ ಬಹುಮಟ್ಟಿಗೆ ತಗ್ಗುತ್ತದೆ. ಸ್ನಾಯುಗಳ ಭಂಡಾರವು ಕರಗುವುದು ಮುಖ್ಯವಾಗಿ ದುಡಿಮೆಯಿಂದ. 1966ರಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರೋಂ, ಹುಲ್ಟ್‌ಮನ್ ಎಂಬಿಬ್ಬರು ತಮ್ಮ ದೇಹಗಳ ಮೇಲೆಯೇ ಒಂದು ಪ್ರಯೋಗವನ್ನು ನಡೆಸಿದರು. ಒಂದೇ ಕಾಲಿನಿಂದ ಸೈಕಲ್ ಯಂತ್ರವನ್ನು ದಣಿಯುವ ತನಕ ತುಳಿದು, ಅನಂತರ ಮೂರು ದಿನ ಪಿಷ್ಟಭರಿತವಾದ ಆಹಾರವನ್ನು ಸೇವಿಸಿ, ಸೂಜಿಯಿಂದ ಸ್ನಾಯುವಿನ ಚೂರುಗಳನ್ನು ತೆಗೆದು ಪರೀಕ್ಷಿಸಿದರು. ದುಡಿದ ಕಾಲಿನಲ್ಲಿ ಸಂಗ್ರಹವು ವಿಶ್ರಮಿಸಿದ ಕಾಲಿನದಕ್ಕಿಂತ ಸುಮಾರು ಎರಡರಷ್ಟಾಗಿತ್ತು. ಉಂಡ ಅನ್ನವನ್ನು ದುಡಿದ ಸ್ನಾಯುವೇ ಕರೆದುಕೊಂಡಿತೆನ್ನಬೇಕು.

ಈ ಆಹ್ವಾನವು ದುಡಿಮೆ ನಿಂತೊಡನೆ ಹೆಚ್ಚು ಪ್ರಬಲ. ಸೈಕಲ್ ಸವಾರರನ್ನು ಕುರಿತು 1988ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸಕ್ಕರೆಯ ಪಾನಕವನ್ನು ಎರಡು ಗಂಟೆ ತಡಮಾಡಿ ಕೊಟ್ಟಾಗ ಭಂಡಾರ ತುಂಬುವ ವೇಗವು ಸುಮಾರು ಅರ್ಧಕ್ಕಿಳಿಯಿತು. ಆದರೆ ಮುಂದಿನ ಅಭ್ಯಾಸಕ್ಕೆ ಪೂರ್ತಿ ಒಂದು ದಿನ ಬಿಡುವಿದ್ದು, ಒಟ್ಟು ಊಟ ಸಾಕಷ್ಟಿದ್ದರೆ ಈ ವ್ಯತ್ಯಾಸ ಅಳಿಸಿಹೋಗುವುದು. ಅರ್ಧ ಗಂಟೆ ತಪ್ಪಿದರೆ ಸರ್ವವೂ ನಷ್ಟವೆಂದು ಡಬ್ಬಿಯ ಪುಡಿಯನ್ನು ಮಾರುವವರ ಮಾತನ್ನು ಆದುದರಿಂದ ನಾವು ನಂಬಲಾರೆವು. ಸಂಜೆ ಐದಕ್ಕೆ ಮತ್ತೆ ಕೊಳಕ್ಕಿಳಿಯಬೇಕಾದ ಮಗುವಿನ ವಿಚಾರ ಬೇರೆ, ಅದು ಕಾಯಲಾರದು.

ನಲವತ್ತು ಕಿಲೋಗ್ರಾಂ ತೂಕದ ಬಾಲಕನಿಗೆ ಅಭ್ಯಾಸದ ನಂತರ ಸುಮಾರು 40 ಗ್ರಾಂ ಪಿಷ್ಟ ಶರ್ಕರಗಳೂ 12 ಗ್ರಾಂ ಸಸಾರಜನಕವೂ ಸಾಕು. ಎರಡು ಬಾಳೆಯ ಹಣ್ಣು, ಒಂದು ದೊಡ್ಡ ಲೋಟ ಹಾಲು, ಒಂದು ಹಿಡಿ ಹುರಿಗಡಲೆ: ಇಷ್ಟರಲ್ಲಿ ಲೆಕ್ಕ ತೀರುತ್ತದೆ. ಅಭ್ಯಾಸಕ್ಕೆ ಮುಂಚೆ, ಎದ್ದೊಡನೆ, ಒಂದು ಬಾಳೆಯ ಹಣ್ಣೂ ನೀರೂ ಆಗಬಹುದು. ತುಂಬು ಊಟವಾದರೆ ಮೂರು ಗಂಟೆಯಷ್ಟು ಅಂತರ ಬೇಕು. ಗರಡಿಯ ಪೈಲ್ವಾನರ ತುಪ್ಪ ಬಾದಾಮಿಗಳನ್ನು ನಾವು ಹಳಿಯುವುದಿಲ್ಲ. ಆದರೆ ಕೊಬ್ಬು ಜಠರದಲ್ಲಿ ಬಹಳ ಹೊತ್ತು ನಿಲ್ಲುವ ವಸ್ತು, ಓಟಕ್ಕೆ ಮುಂಚೆ ಅದು ಬರಿಯ ಹೊರೆ.

ಹೆಣ್ಣುಮಕ್ಕಳ ವಿಷಯದಲ್ಲಿ ಅಲಕ್ಷ್ಯವು ಇನ್ನೂ ಅಪಾಯಕರ. ದುಡಿಮೆಗೆ ತಕ್ಕ ಅನ್ನವಿಲ್ಲದಿದ್ದರೆ ದೇಹವು ಬೆಳವಣಿಗೆ, ಋತುಚಕ್ರ, ಎಲುಬಿನ ಗಟ್ಟಿತನ ಮುಂತಾದವುಗಳಿಂದಲೇ ಉಳಿತಾಯಮಾಡತೊಡಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು 2014ರಲ್ಲಿ ಈ ಶಕ್ತಿಯ ಕೊರತೆಗೆ ಪ್ರತ್ಯೇಕ ಹೆಸರನ್ನೇ ಕೊಟ್ಟಿತು. ಹುಡುಗರಿಗೂ ಇದು ತಪ್ಪಿದ್ದಲ್ಲವೆಂದು ಸೇರಿಸಿತು. ಮುಟ್ಟು ನಿಂತುದನ್ನು ಅಭ್ಯಾಸದ ಸಹಜ ಫಲವೆಂದು ಭಾವಿಸಿ ಸುಮ್ಮನಿರುವ ತಾಯಂದಿರು ಕೂಡಲೆ ವೈದ್ಯರನ್ನು ಕಾಣತಕ್ಕದ್ದು. ಕಬ್ಬಿಣದ ಅಂಶವು ರಕ್ತಕ್ಕೆ ಸೇರುವುದಕ್ಕೆ ಊಟದೊಡನೆ ಕುಡಿವ ಕಾಫಿ ಚಹಗಳು ಅಡ್ಡಿ. ಸೊಪ್ಪಿನ ಪಲ್ಯದ ಮೇಲೆ ಹಿಂಡಿದ ನಿಂಬೆಯ ರಸ ಸಹಾಯ.

ಇನ್ನುಳಿದದ್ದು ಶಾಲೆಯ ಗಂಟೆ. ಬುತ್ತಿಯನ್ನು ಮನೆಯವರು ಕಟ್ಟಿಕೊಟ್ಟಾರು. ಅಭ್ಯಾಸದಿಂದ ನೇರವಾಗಿ ಬಂದ ಮಗು ಮೊದಲನೆಯ ಪಾಠಕ್ಕೆ ಮುಂಚೆ ಹತ್ತು ನಿಮಿಷ ಕುಳಿತು ಅದನ್ನು ತಿನ್ನುವುದಕ್ಕೆ ಉಪಾಧ್ಯಾಯರು ಅವಕಾಶ ಕೊಡಬೇಕೆಂದು ತಂದೆತಾಯಿಗಳು ಹೋಗಿ ಕೇಳಿಕೊಳ್ಳಬೇಕು.