ಮೈನಸ್ ಒಂದು ಅಂದ್ರೆ 136 ವರ್ಷ

ಇವತ್ತಿನ ವಿಷಯ ಚಿಕ್ಕದು: ಸ್ಟ್ರಿಂಗನ್ನು ಅನ್‌ಸೈನ್ಡ್ ಇಂಟಿಜರ್ ಮಾಡೋದು. ಇದರಲ್ಲಿ ಹೇಳೋಕೆ ಏನಿದೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಎಂಟೆಕ್ ಮುಗಿಸಿ, ಪುಣೆಗೆ ಬಂದು ನಾಲ್ಕು ವರ್ಷ ಆದ ಮೇಲೆ ಇದರಲ್ಲೇ ಎಡವಿದೆ.

ನಮ್ಮ ಸರ್ವರ್‌ಗೆ ಒಂದು ಕಾನ್ಫಿಗ್ ಫೈಲ್ ಇತ್ತು. ಅದರಲ್ಲಿ ಟೈಮ್‌ಔಟ್ 30 ಸೆಕೆಂಡ್. ಧಾರವಾಡದಿಂದ ಹೊಸದಾಗಿ ಬಂದಿದ್ದ ಹುಡುಗ, 'ಡಿಫಾಲ್ಟ್ ತಗೋ' ಅನ್ನೋ ಅರ್ಥದಲ್ಲಿ ಅಲ್ಲಿ -1 ಹಾಕಿದ. ಪ್ರೋಗ್ರಾಂ ತಕರಾರಿಲ್ಲದೆ ಶುರುವಾಯಿತು. ರಾತ್ರಿ ಎರಡು ಗಂಟೆಗೆ ನನಗೆ ಫೋನ್. ಸತ್ತ ಕನೆಕ್ಷನ್ ಒಂದೂ ಮುಚ್ಚಿಲ್ಲ, ಹೊಸದಕ್ಕೆ ಜಾಗ ಇಲ್ಲ. ಲಾಗ್‌ನಲ್ಲಿ ಟೈಮ್‌ಔಟ್ ನೋಡಿದರೆ 4294967295 ಸೆಕೆಂಡ್. ಅಂದ್ರೆ ಸುಮಾರು 136 ವರ್ಷ!

ಆ ಸಾಲನ್ನು ಓದೋಕೆ ನಾನು ಬಳಸಿದ್ದು ಸಿ ಭಾಷೆಯ ಸ್ಟ್ರ್‌ಟೌಲ್ ಫಂಕ್ಷನ್. ಸ್ಟ್ರಿಂಗ್ ಟು ಅನ್‌ಸೈನ್ಡ್ ಲಾಂಗ್. ಹೆಸರಲ್ಲೇ ಅನ್‌ಸೈನ್ಡ್ ಇದೆಯಲ್ಲ, ಮೈನಸ್ ಬಂದರೆ ಎರರ್ ಕೊಡುತ್ತೆ ಅಂತ ನಂಬಿದ್ದೆ. ಕೊಡಲ್ಲ. ಸ್ಟ್ಯಾಂಡರ್ಡ್ ಪ್ರಕಾರವೇ ಅದು ಮೈನಸ್ ಒಪ್ಪಿಕೊಳ್ಳುತ್ತೆ. 1 ಅಂತ ಓದಿ, ಅನ್‌ಸೈನ್ಡ್ ಟೈಪ್‌ನಲ್ಲೇ ಅದರ ಚಿಹ್ನೆ ತಿರುಗಿಸುತ್ತೆ. ಸೊನ್ನೆಯಿಂದ ಒಂದು ಹೆಜ್ಜೆ ಹಿಂದೆ ಹೋದರೆ, ಗಡಿಯಾರದ ಮುಳ್ಳಿನ ಹಾಗೆ, ಅತಿ ದೊಡ್ಡ ಸಂಖ್ಯೆಗೆ ಬಂದು ನಿಲ್ಲುತ್ತೆ. 64 ಬಿಟ್ ಲಿನಕ್ಸ್‌ನಲ್ಲಿ ಅದು 18446744073709551615. ನಾನು ಅದನ್ನು 32 ಬಿಟ್ ವೇರಿಯಬಲ್‌ಗೆ ಹಾಕಿದ್ದೆ. ಮೇಲಿನ ಅರ್ಧ ಕತ್ತರಿಸಿಹೋಗಿ 136 ವರ್ಷ ಉಳಿಯಿತು. ಸಿ ಪ್ಲಸ್ ಪ್ಲಸ್‌ನ ಸ್ಟೌಲ್ ಕೂಡ ಹೀಗೇ.

ಇನ್ನೊಂದು ತಮಾಷೆ. '೩೦' ಅಂತ ಕನ್ನಡ ಅಂಕಿಯಲ್ಲಿ ಬರೆದು ಪೈಥಾನ್‌ನ ಇಂಟ್‌ಗೆ ಕೊಟ್ಟು ನೋಡಿ, 30 ಬರುತ್ತೆ. ಸ್ಟ್ರ್‌ಟೌಲ್‌ಗೆ ಕೊಟ್ಟರೆ 0. ಖಾಲಿ ಸ್ಟ್ರಿಂಗ್ ಕೊಟ್ಟರೂ 0, ನಿಜವಾದ '0' ಕೊಟ್ಟರೂ 0. ಉತ್ತರ ಮಾತ್ರ ನೋಡಿದರೆ ವ್ಯತ್ಯಾಸ ಗೊತ್ತಾಗಲ್ಲ.

ಹಾಗಾಗಿ ಈಗ ನಾನು ನಾಲ್ಕು ಕೆಲಸ ಮಾಡ್ತೀನಿ. ಒಂದು, ಮೊದಲ ಅಕ್ಷರ 0ಯಿಂದ 9ರ ಒಳಗಿನ ಅಂಕಿಯೇ ಅಂತ ನೋಡೋದು. ಮೈನಸ್, ಸ್ಪೇಸ್, ಖಾಲಿ ಸ್ಟ್ರಿಂಗ್ ಎಲ್ಲ ಅಲ್ಲೇ ನಿಲ್ಲುತ್ತವೆ. ಎರಡು, ಕರೆಯೋ ಮುಂಚೆ ಎರ್‌ನೋ ಸೊನ್ನೆ ಮಾಡಿ, ಆಮೇಲೆ ಈರೇಂಜ್ ಬಂದಿದೆಯಾ ನೋಡೋದು. ಮೂರು, ಎಂಡ್ ಪಾಯಿಂಟರ್ ಸ್ಟ್ರಿಂಗಿನ ಕೊನೆ ಮುಟ್ಟಿದೆಯಾ ನೋಡೋದು. ಇಲ್ಲದಿದ್ದರೆ '30ಸೆ' ಅಂತ ಬರೆದದ್ದೂ 30 ಆಗಿ ಪಾಸ್ ಆಗುತ್ತೆ. ನಾಲ್ಕು, ಚಿಕ್ಕ ಟೈಪ್‌ಗೆ ಹಾಕೋ ಮೊದಲೇ ನಮ್ಮ ಮಿತಿ ನೋಡೋದು. ನಮ್ಮ ಟೈಮ್‌ಔಟ್‌ಗೆ 1ರಿಂದ 3600 ಸಾಕು. ರಸ್ಟ್, ಗೋ ಭಾಷೆಗಳಲ್ಲಿ ಕೆಲಸ ಮಾಡೋರಿಗೆ ಈ ಮೈನಸ್ ಕಾಟ ಇಲ್ಲ. ಅಲ್ಲಿ ಅನ್‌ಸೈನ್ಡ್‌ಗೆ '-1' ಕೊಟ್ಟರೆ ಎರರ್ ಬರುತ್ತೆ. ಆದರೆ ನಾಲ್ಕನೇ ಕೆಲಸ ಅವರಿಗೂ ತಪ್ಪಿದ್ದಲ್ಲ.

ಮರುದಿನ ಆ ಹುಡುಗ ಬಂದು, "ಸರ್, ತಪ್ಪಾತ್ರಿ" ಅಂದ. ರಿಪೋರ್ಟಿನ ಕರಡಿನಲ್ಲಿ ಕಾರಣದ ಜಾಗದಲ್ಲಿ 'ಮಾನವ ದೋಷ' ಅಂತ ಆಗಲೇ ಯಾರೋ ಬರೆದಿದ್ದರು. ಅದನ್ನು ಅಳಿಸಿ, 'ಇನ್‌ಪುಟ್ ಪರೀಕ್ಷಿಸದೆ ಒಪ್ಪಿಕೊಂಡ ಕೋಡ್' ಅಂತ ಬರೆದು, ಕೆಳಗೆ ನನ್ನ ಹೆಸರು ಹಾಕಿದೆ. ಅವನು ಟೈಪ್ ಮಾಡಿದ್ದು ಎರಡೇ ಅಕ್ಷರ. ಅದನ್ನು ಬೇಡ ಅನ್ನಬೇಕಾಗಿದ್ದದ್ದು ನನ್ನ ಕೋಡ್.

ನಾಳೆ ಆಫೀಸಿಗೆ ಹೋದಾಗ ನಿಮ್ಮ ಟೆಸ್ಟ್‌ಗಳಲ್ಲಿ ಒಂದು '-1' ಸೇರಿಸಿ ನೋಡಿ.